ಪಕ್ಕದ ಮನೆ ಓಟು ತೆಗೆಸಹೋದ ಕೊಟ್ರಮ್ಮ

ಪಕ್ಕದ ಮನೆಯ ಬಾಗಿಲಲ್ಲಿ ದಿನವೂ ಹತ್ತು ಜೊತೆ ಚಪ್ಪಲಿ ಬಿದ್ದಿದ್ದು, ನಮ್ಮ ಬಾಗಿಲಲ್ಲಿ ನಮ್ಮವೇ ಎರಡು ಜೊತೆ ಇದ್ದರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದಲ್ಲ, ಅದರ ಕಥೆ ಇದು. ನನಗೆ ಹಾಗೆಲ್ಲ ಆಗುವುದೇ ಇಲ್ಲ ಎನ್ನುವವರು ಈಗಲೇ ಎದ್ದು ಹೋಗಬಹುದು. ಉಳಿದವರು ಸ್ವಲ್ಪ ಹತ್ತಿರ ಬನ್ನಿ.

ಆಂಧ್ರದ ಗಡಿಯೊಳಗಿನ ಕನ್ನಡದ ಸೀಮೆ, ಬೊಮ್ಮನಹಾಳ್ ಕಡೆಯ ತಗ್ಗಿನಹಾಳ್ ಎಂಬ ಊರು. ನಕ್ಷೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಊರೂ ಕಟ್ಟಿದ್ದು, ಈ ಕಥೆಯಲ್ಲಿ ಬರುವ ಹೊಸ ಲೋಕಸಭಾ ಕ್ಷೇತ್ರವೂ ಕಟ್ಟಿದ್ದು. ಹೊಟ್ಟೆಕಿಚ್ಚು ಮಾತ್ರ ಅಸಲಿ.

ಆ ಊರಲ್ಲಿ ಕೊಟ್ರಮ್ಮ ಎಂದರೆ ನಾಟಿ ಗುಂಪಿನ ಯಜಮಾನಿ. ಕಾಲುವೆಗೆ ನೀರು ಬಿಟ್ಟರೆ ಹದಿನಾಲ್ಕು ಜನ ಹೆಂಗಸರು ಅವಳ ಹಿಂದೆ ಗದ್ದೆಗೆ ಇಳಿಯುತ್ತಿದ್ದರು. ಸಾಲಿನ ತುದಿಯಲ್ಲಿ ನಿಂತು ಅವಳು ಮೊದಲ ಸಸಿ ಊರಬೇಕು, ಆಮೇಲೆಯೇ ಉಳಿದವರು ಬಗ್ಗುವುದು. ಇಪ್ಪತ್ತು ವರ್ಷದಿಂದ ಹೀಗೇ. ಗದ್ದೆಯ ಈ ಅಭ್ಯಾಸ ಊರೊಳಗೂ ಬಂದುಬಿಟ್ಟಿತ್ತು. ಪೋಲಿಯೋ ಹನಿ ಹಾಕುವ ನರ್ಸಮ್ಮ ಬಂದರೂ, ಸಂಘದ ಮೀಟಿಂಗ್ ಇದ್ದರೂ, “ಕೊಟ್ರಮ್ಮ ಎಲ್ಲಿ?” ಎಂದೇ ಮೊದಲು ಕೇಳುತ್ತಿದ್ದರು.

ಈಗ ಕೇಳುವುದು ಉಷಾರಾಣಿಯನ್ನು. ಉಷಾರಾಣಿ ಪಕ್ಕದ ಮನೆಯ ಸೊಸೆ. ಮಡಕಶಿರಾ ಕಡೆಯ ರೊಳ್ಳದ ಹುಡುಗಿ, ಈ ಊರಿಗೆ ಬಂದು ಆರು ವರ್ಷ. ಊರ ಅಂಗನವಾಡಿಯಲ್ಲಿ ಟೀಚರ್. ಗಂಡ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸದಲ್ಲಿದ್ದು ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಶನಿವಾರ ಸಂಜೆ ಇವಳು ಅಲ್ಲಿಗೆ ಹೋದರೆ ಭಾನುವಾರ ಸಂಜೆಯ ಬಸ್ಸಿಗೆ ವಾಪಸ್. ಇಷ್ಟೇ ಆಗಿದ್ದರೆ ಕೊಟ್ರಮ್ಮ ಹೇಗೋ ಸಹಿಸಿಕೊಂಡಿರುತ್ತಿದ್ದಳು. ಆದರೆ ಹೊಸ ಕ್ಷೇತ್ರ ಆಯಿತು, ಮತದಾರರ ಪಟ್ಟಿಯನ್ನು ಮತ್ತೆ ಸರಿ ನೋಡಬೇಕಾಯಿತು, ಉಷಾರಾಣಿಯನ್ನು ಬಿ.ಎಲ್.ಓ. ಮಾಡಿದರು. ಬಿ.ಎಲ್.ಓ. ಎಂದರೆ ಒಂದು ಮತಗಟ್ಟೆಯ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ಯಾರಿದ್ದಾರೆ, ಯಾರಿಲ್ಲ ಎಂದು ಬರೆದುಕೊಳ್ಳುವವರು. ಒಂದು ದಿನ ಸರ್ಕಾರಿ ಜೀಪು ಬಂದು, “ಉಷಾರಾಣಿ ಮೇಡಂ ಮನೆ ಯಾವುದಮ್ಮಾ?” ಎಂದು ಕೇಳಿತು. ಕೇಳಿದ್ದು ಯಾರನ್ನು? ಕೊಟ್ರಮ್ಮನನ್ನೇ. ಮೇಡಂ ಅಂತೆ! ಅಂದು ಕೊಟ್ರಮ್ಮನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಮಾರನೆಯ ದಿನ ಉಷಾರಾಣಿ ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡು, ಕಂಕುಳಲ್ಲಿ ಪಟ್ಟಿ ಇಟ್ಟುಕೊಂಡು ಕೊಟ್ರಮ್ಮನ ಬಾಗಿಲಿಗೇ ಬಂದಳು.

“ಅತ್ತೆ, ನಿಮ್ಮನೆ ಓಟರ್ ಕಾರ್ಡೆಲ್ಲ ಒಂದ್ಸಲ ತೋರ್ಸಿ. ಹೊಸ ಕ್ಷೇತ್ರ ಆಗೈತಲ್ಲ, ಪಟ್ಟೀಲಿ ಎಲ್ರೂ ಸರಿಯಾಗವ್ರಾ ಅಂತ ನೋಡ್ಬೇಕು.”

“ಹೊಸದಂತ ಹೊಸದು! ಹಳೇದಕ್ಕ ಏನಾಗಿತ್ತು? ಹರಿದು ಹೋಗಿತ್ತೇನು?”

“ಜನ ಜಾಸ್ತಿ ಆದ್ರು ಅತ್ತೆ. ಒಬ್ಬ ಎಂಪಿಗೆ ಅಷ್ಟೊಂದು ಊರು ಆಗೋಯ್ತು ಅಂತ ಗೆರೆ ಬದ್ಲಾಯ್ಸವ್ರೆ. ಈಗ ನಮ್ ರಾಯದುರ್ಗದ ಕಡೆನೂ ಮಡಕಶಿರಾ ಕಡೆನೂ ಒಂದೇ ಕ್ಷೇತ್ರ.”

“ರಾಯದುರ್ಗ ಎಲ್ಲಿ, ಮಡಕಶಿರಾ ಎಲ್ಲಿ! ಅವರು ಮುದ್ದಿ ನುಂಗವ್ರು, ನಾವು ರೊಟ್ಟಿ ಬಡಿಯವ್ರು,” ಎಂದ ಕೊಟ್ರಮ್ಮನಿಗೆ ತಟ್ಟನೆ ಏನೋ ಹೊಳೆದು ಕಣ್ಣು ಸಣ್ಣದಾಯಿತು. “ಅಂದ್ರ ನಿನ್ನ ತವರೂ ಇದರಾಗ ಬಂತೇನು?”

“ಹೂಂ ಅತ್ತೆ. ನಮ್ಮಪ್ಪನೂ ನಾನೂ ಒಂದೇ ಎಂಪಿ ಚುನಾವಣೇಲಿ ಓಟ್ ಆಕ್ತೀವಿ ಈ ಸಲ!” ಉಷಾರಾಣಿಯ ಮುಖ ಊರಗಲ ಆಗಿತ್ತು.

ಕೊಟ್ರಮ್ಮನಿಗೆ ಮೈಯೆಲ್ಲ ಉರಿಯಿತು. ಇವಳ ಸಲುವಾಗಿಯೇ ದಿಲ್ಲಿಯಲ್ಲಿ ಕುಳಿತು ಕ್ಷೇತ್ರ ಮಾಡಿದ್ದಾರೇನೋ ಅನ್ನುವ ಹಾಗೆ ನಗುತ್ತಾಳಲ್ಲ!

“ಮತ್ತ ನನ್ನ ತವರು ಯಾಕ ಸೇರಿಸ್ಲಿಲ್ಲ? ರೊಳ್ಳ ಅಷ್ಟು ದೂರ ಐತಿ, ಅದನ್ನ ಸೇರಿಸ್ಯಾರ. ನಮ್ಮಪ್ಪನ ಊರು ಇಲ್ಲೇ ಹಗರಿ ಹೊಳಿ ದಾಟಿದ್ರ ಬಂತು.”

“ಅತ್ತೆ, ಅದು ಕರ್ನಾಟಕ ಕಣತ್ತೆ!”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ವಿದ್ಯಾಶ್ರೀ ಕಿಸಕ್ಕನೆ ನಕ್ಕಳು. ಆ ನಗು ಕೊಟ್ರಮ್ಮನಿಗೆ ಚುಚ್ಚಿತು. ಆದರೂ ಊರ ತುಂಬ ಹಬ್ಬಿದ್ದ ಮಾತೊಂದನ್ನು ಕೇಳದೆ ಇರಲಾಗಲಿಲ್ಲ.

“ಅದಿರ್ಲಿ. ರೇಷನ್ ಕಾರ್ಡು, ಪಿಂಚಣಿ, ಕಾಲುವಿ ನೀರು, ಎಲ್ಲಾ ಇನ್ನ ಮಡಕಶಿರಾದಾಗ ಹೋಗಿ ಕೇಳ್ಬೇಕಂತ. ಖರೇ ಏನು?”

“ಯಾರ್ ಹೇಳಿದ್ದು ಅತ್ತೆ? ಅದ್ಯಾವ್ದೂ ಅಲ್ಲಾಡಲ್ಲ. ನಿಮ್ ಜಿಲ್ಲೆ ಅದೇ, ಮಂಡಲ ಅದೇ, ನಮ್ಮೂರ ಸಚಿವಾಲಯದ ಆಫೀಸೂ ಅದೇ. ಎಂಪಿ ಓಟಿನ ಗೆರೆ ಒಂದೇ ಬದ್ಲಾಗಿರೋದು. ನಿಮ್ ಹಳೇ ಕಾರ್ಡೂ ನಡೀತದೆ. ಆದ್ರೆ ಕಾರ್ಡ್ ಕೈಯಾಗಿದ್ರೆ ಸಾಲ್ದು, ಪಟ್ಟೀಲಿ ಹೆಸ್ರಿರ್ಬೇಕು. ವಿದ್ಯಾಶ್ರೀದು ಎಲ್ಲೈತೆ?”

“ನಂದು ಇನ್ನಾ ತವರಾಗ ಐತ್ರಿ,” ಎಂದು ವಿದ್ಯಾಶ್ರೀ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಅವಳೂ ಬಳ್ಳಾರಿ ಕಡೆಯ ಹುಡುಗಿ, ಮದುವೆಯಾಗಿ ಎರಡು ವರ್ಷ.

“ಫಾರಂ ಎಂಟು ತುಂಬಿ ಇಲ್ಲಿಗೆ ತರ್ಸ್ಕೊ. ಮುಂದಿನ ಬುಧವಾರ ಕಡೇ ದಿನ.”

“ಏನೂ ಬ್ಯಾಡ. ಅದು ಅಲ್ಲೇ ಇರ್ಲಿ,” ಎಂದಳು ಕೊಟ್ರಮ್ಮ.

ಯಾಕೆಂದರೆ ಈ ಗಡಿ ಊರಿನ ಮನೆಗಳಲ್ಲಿ ಅದೊಂದು ಪದ್ಧತಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರನ್ನು ಕೆಲವು ವರ್ಷ ಹಗರಿಯ ಆಚೆಯ ಪಟ್ಟಿಯಲ್ಲೇ ಬಿಟ್ಟಿರುತ್ತಾರೆ. ಚುನಾವಣೆ ಬಂದರೆ ಅಣ್ಣ ಆಟೋ ತಂದು ಕರೆದೊಯ್ಯುತ್ತಾನೆ. ಓಟು ಹಾಕಿ, ಹೋಳಿಗೆ ಉಂಡು, ಮಡಿಲಿಗೆ ಕುಬಸದ ಖಣ ಹಾಕಿಸಿಕೊಂಡು ಬರುವುದು. ಹೆಸರು ಕಿತ್ತರೆ ತವರಿನ ಬೇರೇ ಕಿತ್ತ ಹಾಗೆ ಎಂದು ಹಿರಿಯರಿಗೆ ಅಂಜಿಕೆ.

“ಹೋಳ್ಗೆ ತಿನ್ನಾಕೆ ಓಟ್ ಯಾಕತ್ತೆ? ಯಾವಾಗ್ ಬೇಕಾದ್ರೂ ಓಗಿ ತಿಂದ್ಬರ್ಲಿ,” ಎಂದಳು ಉಷಾರಾಣಿ. “ಎಲ್ಲಿ ವಾಸವೋ ಅಲ್ಲೇ ಓಟು, ಅದು ಕಾನೂನು. ಇಲ್ಲಿ ನಲ್ಲೀಲಿ ನೀರು ಬರ್ಲಿಲ್ಲಾಂದ್ರೆ ಆ ಕಡೆ ಎಂಪಿ ಬತ್ತಾನಾ? ಅದ್ರಾಗೂ ಇದು ಮೊದ್ಲ ಚುನಾವಣೆ. ಈ ಕ್ಷೇತ್ರಕ್ಕೆ ಇನ್ನೂ ಗೆದ್ದವ್ರೂ ಇಲ್ಲ, ಸೋತವ್ರೂ ಇಲ್ಲ. ಯಾರನ್ನ ಮೊದ್ಲು ಕೂರಿಸ್ಬೇಕು ಅಂತ ನಾವೇ ಹೇಳೋದು.”

“ನಮ್ಮನಿ ವಿಚಾರ ನಮಗ ಬಿಡು. ಹೋಗವ್ವ, ನಿನ್ನ ಸಲುವಾಗಿ ಮಂದಿ ಕಾಯಾಕತ್ತಾರ,” ಎಂದು ಕೊಟ್ರಮ್ಮ ಬಾಗಿಲು ಮುಂದಕ್ಕೆ ಮಾಡಿದಳು.

ಬಾಗಿಲು ಮುಚ್ಚಿತು, ಒಂದು ಮಾತು ಮಾತ್ರ ಒಳಗೇ ಉಳಿಯಿತು. ಎಲ್ಲಿ ವಾಸವೋ ಅಲ್ಲೇ ಓಟು. ಹೌದಾ? ಹಾಗಾದರೆ ಶನಿವಾರ ಆಯಿತೆಂದರೆ ರಾಯದುರ್ಗದ ಬಸ್ಸು ಹತ್ತುವ ಇವಳು ಎಲ್ಲಿಯವಳು? ಊರವರ ಹೆಸರನ್ನೆಲ್ಲ ಸೇರಿಸಿ ಮೆರೆಯುತ್ತಾಳಲ್ಲ, ಇವಳ ಹೆಸರೇ ಹಾರಿಹೋದರೆ ಹೇಗಿರುತ್ತದೆ? ಯೋಚಿಸಿದಷ್ಟೂ ಕೊಟ್ರಮ್ಮನಿಗೆ ಹಿತವಾಯಿತು. ಇದು ಒಳ್ಳೆಯ ಯೋಚನೆ ಅಲ್ಲ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಬಿಡಲಿಲ್ಲ.

ಗುರುವಾರ ಬೊಮ್ಮನಹಾಳಿಗೆ ಹೋಗಿ ಆನ್‌ಲೈನ್ ಸೆಂಟರ್ ನಡೆಸುವ ರವಿಶಂಕರನ ಮುಂದೆ ಕುಳಿತಳು.

“ಹೆಸರು ತೆಗೆಸಾಕೂ ಒಂದು ಫಾರಂ ಐತಂತಲ್ಲಪ್ಪ?”

“ಐತ್ರಿ, ಫಾರಂ ಏಳು. ಯಾರದು?”

“ನಮ್ಮ ಪಕ್ಕದ ಮನಿ ಉಷಾರಾಣಿದು. ಆಕಿ ಊರಾಗ ಇರಂಗಿಲ್ಲ. ರಾಯದುರ್ಗದಾಗ ಮನಿ ಮಾಡ್ಯಾಳ.”

ರವಿಶಂಕರ ಕನ್ನಡಕದ ಮೇಲಿಂದ ನೋಡಿದ. “ಖರೇ ಏನ್ರಿ? ಸುಳ್ಳು ಅಂತ ಗೊತ್ತಾದ್ರ ದಂಡ, ಇಲ್ಲಾಂದ್ರ ಒಂದು ವರ್ಷದ ತನಕ ಜೈಲು ಐತಿ ಮತ್ತ.”

“ಅಯ್ಯ, ಬರಿಯಪ್ಪ ನೀನು!”

ಅವನು ಬರೆದ. ಕೊಟ್ರಮ್ಮನ ಕಾರ್ಡಿನ ನಂಬರ್ ಕೇಳಿದ, ಫೋನಿಗೆ ಬಂದ ಅಂಕಿ ಕೇಳಿದ, ಎಲ್ಲ ಕೊಟ್ಟಳು. ಗುಡಿಯ ಹುಂಡಿಯಲ್ಲಿ ಚೀಟಿ ಹಾಕಿದರೆ ಯಾರು ಹಾಕಿದರು ಎಂದು ತಿಳಿಯದಲ್ಲ, ಇದೂ ಹಾಗೇ ಎಂದು ಅವಳು ತಿಳಿದಿದ್ದಳು. ಅಂದು ಎರಡು ರೊಟ್ಟಿ ಹೆಚ್ಚೇ ತಿಂದಳು.

ಸೋಮವಾರ ಗದ್ದೆಯಲ್ಲಿ ಕಳೆ ಕೀಳುವಾಗ ಗುಂಪಿನ ಸುಂಕಲಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದಳು, “ಕೊಟ್ರಕ್ಕ, ಸಚಿವಾಲಯದ ಗ್ವಾಡಿ ಮ್ಯಾಲ ನಿನ್ನ ಹೆಸರು ಹಚ್ಯಾರ.”

ಕೊಟ್ರಮ್ಮನ ಎದೆ ಉಬ್ಬಿತು. “ಹಚ್ಚದೇ ಏನ್ ಮಾಡ್ತಾರ! ಇಪ್ಪತ್ತು ವರ್ಷ ಈ ಊರಿನ ಹೆಂಗಸರನ್ನ ಕಟ್ಟಿಕೊಂಡು ದುಡಿದೀನಿ. ಈಗರ ಗೊತ್ತಾತಲ್ಲ ಅವರಿಗೆ!” ಎಂದು ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಳು. ಹಿಂದೆ ಹದಿನಾಲ್ಕೂ ಜನ. ಸುಂಕಲಮ್ಮ ಒಬ್ಬಳು ಏನನ್ನೋ ಹೇಳಲು ಬಾಯಿ ತೆರೆದು ತೆರೆದು ಮುಚ್ಚಿದಳು.

ಗೋಡೆಯ ಮೇಲಿನ ಕಾಗದ ತೆಲುಗಿನಲ್ಲಿತ್ತು. ಕೊಟ್ರಮ್ಮನಿಗೆ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. “ಓದವಾ ಸುಂಕಲಿ, ಎಲ್ಲಾರಿಗೂ ಕೇಳಂಗ ಓದು,” ಎಂದಳು.

ಸುಂಕಲಮ್ಮ ಓದಿದಳು. ಹೆಸರು ತೆಗೆಯಬೇಕಾದವರು, ಉಷಾರಾಣಿ. ಕಾರಣ, ಊರಲ್ಲಿ ವಾಸವಿಲ್ಲ. ಹಾಗೆಂದು ಅಭ್ಯಂತರ ಕೊಟ್ಟವರು, ಕೊಟ್ರಮ್ಮ. ವಿಚಾರಣೆ ಗುರುವಾರ, ಶಾಲೆಯ ಹತ್ತಿರ.

ಅಂಥ ಅರ್ಜಿ ಗುಟ್ಟಿನದಲ್ಲ ತಾಯಂದಿರೇ. ಯಾರ ಮೇಲೆ ಯಾರು ಕೊಟ್ಟರು ಎಂದು ಹೆಸರು ಹಾಕಿ ಹಚ್ಚುತ್ತಾರೆ, ನಿಜವೋ ಸುಳ್ಳೋ ಎಂದು ಊರಿಗೇ ಬಂದು ವಿಚಾರಿಸುತ್ತಾರೆ. ಕೊಟ್ರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಯಜಮಾನಿಯಲ್ಲವೇ, ಗತ್ತು ಬಿಡಲಾದೀತೇ?

“ಹೌದು, ನಾನಾ ಕೊಟ್ಟೀನಿ. ಖರೇನಾ ಬರೆಸೀನಿ,” ಎಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಸುಂಕಲಮ್ಮ, “ಆತು ಬಿಡಕ್ಕ. ಗುರುವಾರ ನೀ ಏನಂತೀಯೋ ನಾವೂ ಅದನ್ನಾ ಅಂತೀವಿ,” ಎಂದಳು. ಉಳಿದವರು ತಲೆ ಅಲ್ಲಾಡಿಸಿದರು.

ಮಂಗಳವಾರ ಸಂಜೆ ಉಷಾರಾಣಿ ಬಂದಳು. ಕಣ್ಣು ಕೆಂಪಗಿದ್ದವು. ಕೊಟ್ರಮ್ಮನ ಕಡೆ ನೋಡದೆ ನೇರ ಪಡಸಾಲೆಗೆ ಬಂದು ಕುಳಿತು, “ವಿದ್ಯಾಶ್ರೀ, ಆಧಾರ್ ತಗಂಬಾ. ನಾಳೆ ಕಡೇ ದಿನ,” ಎಂದಳು.

ಕೊಟ್ರಮ್ಮ ಕಂಬದ ಹತ್ತಿರ ನಿಂತಿದ್ದಳು. ಇವಳು ಬೈಯಬಾರದೇ! ಬೈದರೆ ತಾನೂ ನಾಲ್ಕು ಬೈಯಬಹುದಿತ್ತು. “ಯಾಕ ಬಂದಿ? ನಾನು ನಿನ್ನ ಮ್ಯಾಲ ಕಾಗದ ಕೊಟ್ಟೀನಿ, ಗೊತ್ತಿಲ್ಲೇನು?” ಎಂದು ಅವಳೇ ಕೆಣಕಿದಳು.

“ಗೊತ್ತು. ನಿನ್ನೆಯೆಲ್ಲ ಅತ್ತಿದೀನಿ. ಈಗ್ಲೂ ನಿಮ್ ಮುಖ ನೋಡಾಕೆ ಇಷ್ಟ ಇಲ್ಲ ನಂಗೆ,” ಎಂದಳು ಉಷಾರಾಣಿ. “ನಿಮ್ಗೋಸ್ಕರ ಬಂದಿಲ್ಲ. ಈ ಹುಡ್ಗಿ ಓಟಿಗೋಸ್ಕರ ಬಂದೀನಿ. ಆರು ವರ್ಷ ಆಯ್ತು ನಾನು ಈ ಊರಿಗೆ ಬಂದು. ಇಲ್ಲಿ ಇವಳು ನಮ್ಮೋಳು ಅಂತ ನಂಗೆ ಬರ್ದು ಕೊಟ್ಟಿರೋದು ಆ ಪಟ್ಟಿ ಒಂದೇ. ಅದನ್ನೇ ಕಿತ್ತಾಕಾಕೆ ಹೊರಟ್ರಲ್ಲ ಅತ್ತೆ.”

ವಿದ್ಯಾಶ್ರೀ ಅತ್ತೆಯ ಅನುಮತಿ ಕೇಳಲಿಲ್ಲ. ಹೋಗಿ ಆಧಾರ್ ತಂದಳು, ಹಳೆಯ ಓಟರ್ ಕಾರ್ಡು ತಂದಳು. ಉಷಾರಾಣಿ ಫಾರಂನ ಒಂದೊಂದೇ ಚೌಕ ತುಂಬಿ, ಹಳೆಯ ಊರಿನ ಹೆಸರು ತಾನಾಗಿಯೇ ಹೋಗುತ್ತದೆ, ಕಾರ್ಡಿನ ನಂಬರ್ ಅದೇ ಇರುತ್ತದೆ, ಎರಡೂ ಕಡೆ ಹೆಸರು ಇಟ್ಟುಕೊಂಡರೆ ಅಪರಾಧ ಎಂದು ಹೇಳಿ, ಸಹಿ ಹಾಕಿಸಿಕೊಂಡು ಹೋದಳು.

ಗುರುವಾರ ಶಾಲೆಯ ಪಡಸಾಲೆಯಲ್ಲಿ ಮತದಾರರ ಪಟ್ಟಿಯ ಸೂಪರ್‌ವೈಸರ್ ದೊಡ್ಡಬಸಪ್ಪನವರು ಕುರ್ಚಿ ಹಾಕಿಕೊಂಡು ಕುಳಿತರು. ಒಂದು ಕಡೆ ಉಷಾರಾಣಿ ಒಬ್ಬಳೇ. ಗಂಡ ರಜೆ ಸಿಗದೆ ಬಂದಿರಲಿಲ್ಲ. ಇನ್ನೊಂದು ಕಡೆ ಕೊಟ್ರಮ್ಮ, ಅವಳ ಹಿಂದೆ ಹದಿನಾಲ್ಕು ಜನ, ಪಕ್ಕದಲ್ಲಿ ವಿದ್ಯಾಶ್ರೀ.

“ನಾನು ವಾರದಾಗೆ ಆರು ದಿನ ಇಲ್ಲೇ ಇರ್ತೀನಿ ಸಾರ್. ಅಂಗನವಾಡಿ ಹಾಜರಿ ಪುಸ್ತಕ ಐತೆ,” ಎಂದಳು ಉಷಾರಾಣಿ.

“ಅದನ್ನೂ ನೋಡ್ತೀನಿ. ಮೊದಲು ನೆರೆಹೊರೆಯವರು ಹೇಳ್ಳಿ,” ಎಂದರು ದೊಡ್ಡಬಸಪ್ಪ. “ಏನಮ್ಮ, ನಿನ್ನ ಹೆಸರು ಸುಂಕಲಮ್ಮ ಅಲ್ಲೇನು? ಈಕಿ ಈ ಊರಾಗ ಇರ್ತಾಳೋ ಇಲ್ಲೋ?”

ಸುಂಕಲಮ್ಮ ಉಷಾರಾಣಿಯ ಕಡೆ ನೋಡಲಿಲ್ಲ, ಸೂಪರ್‌ವೈಸರರ ಕಡೆಯೂ ನೋಡಲಿಲ್ಲ. ಕೊಟ್ರಮ್ಮನ ಮುಖ ನೋಡಿದಳು. ಉಳಿದ ಹದಿಮೂರು ಜನವೂ ಅವಳನ್ನೇ ನೋಡಿದರು. ಗದ್ದೆಯಲ್ಲಿ ಮೊದಲ ಸಸಿಗೆ ಕಾಯುತ್ತ ಹೀಗೇ ನಿಲ್ಲುತ್ತಿದ್ದರು. ತಾನು ಬಗ್ಗಿದರೆ ಇವರೆಲ್ಲ ಬಗ್ಗುತ್ತಾರೆ. ಸುಂಕಲಮ್ಮನ ಮಗುವಿಗೆ ಅಂಗನವಾಡಿಯಲ್ಲಿ ದಿನಾ ಉಣ್ಣಲು ಹಾಕುವವಳು ಉಷಾರಾಣಿ, ಆದರೂ ಇವಳು ಸುಳ್ಳು ಹೇಳುತ್ತಾಳೆ. ತನಗಾಗಿ ಹೇಳುತ್ತಾಳೆ. ಕೊಟ್ರಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಆಕಿನ್ನ ಕೇಳಬ್ಯಾಡ್ರಿ,” ಎಂದಳು ಜೋರಾಗಿ. “ಉಷಾರಾಣಿ ಇಲ್ಲೇ ಇರ್ತಾಳ್ರಿ. ದಿನಾ ಮುಂಜಾನಿ ಆಕಿ ಬಾಗಲಿಗೆ ನೀರು ಹಾಕದು ನಾನಾ ನೋಡ್ತೀನಿ. ನಾ ಬರೆಸಿದ್ದು ಸುಳ್ಳು.”

“ಮತ್ತ ಯಾಕಮ್ಮ ಬರೆಸಿದಿ?” ಎಂದರು ದೊಡ್ಡಬಸಪ್ಪ.

“ಹೊಟ್ಟಿಕಿಚ್ಚು ರೀ.” ಕೊಟ್ರಮ್ಮನ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. “ಮೊದ್ಲು ಎಲ್ಲಾರು ನನ್ನ ಕೇಳ್ತಿದ್ರು. ಈಗ ಆಕಿನ್ನ ಕೇಳ್ತಾರ. ಆಕಿ ತವರು ಕ್ಷೇತ್ರದಾಗ ಬಂತು, ನಂದು ಬರಲಿಲ್ಲ. ಆಕಿಗೆ ಮೇಡಂ ಅಂತಾರ. ನಂಗ ತಡಕಳಾಕ ಆಗಲಿಲ್ಲ. ಏನ್ ಮಾಡ್ತೀರೋ ಮಾಡ್ರಿ.”

ದೊಡ್ಡಬಸಪ್ಪನವರು ಪೆನ್ನು ತೆಗೆದರು. “ನೀ ಹೇಳಿದ್ದನ್ನ ಹೇಳಿದಂಗ ಬರಿತೀನಿ. ಮ್ಯಾಲಿನವರು ಏನ್ ಮಾಡ್ತಾರೋ ಗೊತ್ತಿಲ್ಲ. ಈಕಿ ಹೆಸರಂತೂ ಎಲ್ಲೂ ಹೋಗಲ್ಲ,” ಎಂದರು. ಕೊಟ್ರಮ್ಮ ಮೂರು ವಾರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೊನೆಗೆ ಅದು ಎಚ್ಚರಿಕೆಯ ಪತ್ರ ಒಂದರಲ್ಲಿ ಮುಗಿಯಿತು. ಎಲ್ಲರಿಗೂ ಹಾಗೇ ಮುಗಿಯುತ್ತದೆ ಎಂದುಕೊಳ್ಳಬೇಡಿ.

ಹೊಸ ಕ್ಷೇತ್ರದ ಮೊದಲ ಚುನಾವಣೆಯ ದಿನ ಬಂತು. ಶಾಲೆಯ ಮುಂದೆ ಬಿಸಿಲಿನಲ್ಲೂ ದೊಡ್ಡ ಸಾಲು. ಕೊಟ್ರಮ್ಮನ ಗುಂಪು ಬೆಳಗ್ಗೆಯೇ ಬಂದು ನಿಂತಿತ್ತು. ಜೊತೆಗೆ ವಿದ್ಯಾಶ್ರೀ, ಈ ಊರಿನ ಪಟ್ಟಿಯಲ್ಲಿ ಮೊದಲ ಸಲ. ಹೊರಗೆ ಮೇಜು ಹಾಕಿಕೊಂಡು ಉಷಾರಾಣಿ ಎಲ್ಲರ ಹೆಸರು ಹುಡುಕಿ ಕ್ರಮಸಂಖ್ಯೆಯ ಚೀಟಿ ಬರೆದುಕೊಡುತ್ತಿದ್ದಳು. ಅವಳ ಸುತ್ತ ಮುತ್ತಿದ ಜನರನ್ನು ನೋಡಿ ಕೊಟ್ರಮ್ಮನಿಗೆ ಇವತ್ತೂ ಚುರುಕ್ ಎಂದಿತು. ಸುಳ್ಳು ಯಾಕೆ ಹೇಳಲಿ?

ಸಾಲು ಸರಿದು ಸರಿದು ಬಾಗಿಲ ಹತ್ತಿರ ಬಂದಾಗ ಕೊಟ್ರಮ್ಮ ತಿರುಗಿ ಕೇಳಿದಳು, “ಏ ಉಷಾ, ನಿಂದು ಆತೇನು?”

“ಇಲ್ಲತ್ತೆ. ಏಳಾಕೇ ಆಗಿಲ್ಲ. ಸಂಜೆ ಆಕ್ತೀನಿ ಬಿಡಿ.”

“ಸಂಜಿ ಗಿಂಜಿ ಬ್ಯಾಡ. ಏಳು ಮ್ಯಾಲ. ಬಾ, ನನ್ನ ಜಾಗದಾಗ ನಿಂದ್ರು.”

“ಅತ್ತೆ, ಸಾಲು...”

“ನಾ ಕಡೀಗೆ ಹೋಗಿ ನಿಂದಿರ್ತೀನಿ. ನೀ ಬಾ ಅಂದ್ರ ಬಾ!”

ಮೇಜನ್ನು ಆಶಾ ಕಾರ್ಯಕರ್ತೆಗೆ ಒಪ್ಪಿಸಿ ಉಷಾರಾಣಿ ಒಳಗೆ ಹೋದಳು. ಕೊಟ್ರಮ್ಮ ಬಾಗಿಲ ಪಕ್ಕದಲ್ಲೇ ಬಿಸಿಲಲ್ಲಿ ಕಾದಳು. ಉಷಾರಾಣಿ ಹೊರಗೆ ಬಂದ ಕೂಡಲೇ ಅವಳ ಎಡಗೈ ಹಿಡಿದು, ಬೆರಳು ತಿರುಗಿಸಿ, ಶಾಯಿಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. “ಹಾಂ, ಬಿತ್ತು,” ಎಂದಳು. ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಅಕ್ಕಂದಿರೇ, ಅಣ್ಣಂದಿರೇ, ಇಷ್ಟು ಹೊತ್ತು ಕೇಳಿದಿರಿ, ಇನ್ನು ಒಂದು ಕೆಲಸ ಮಾಡಿ. ಮನೆಗೆ ಹೋಗಿ ಕಾರ್ಡು ತೆಗೆಯಿರಿ, ನಿಮ್ಮೂರಿನ ಬಿ.ಎಲ್.ಓ. ಹತ್ತಿರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕೇಳಿ. ಅವರು ಸಿಗದಿದ್ದರೆ 1950ಕ್ಕೆ ಫೋನ್ ಮಾಡಿ. ಹದಿನೆಂಟು ತುಂಬಿದ ಮಕ್ಕಳಿದ್ದರೆ ಫಾರಂ ಆರು, ಸೊಸೆ ಬೇರೆ ಊರಿಂದ ಬಂದಿದ್ದರೆ ಫಾರಂ ಎಂಟು. ಫಾರಂ ಏಳು ಬೇಕಾಗುವುದು ನಿಜವಾಗಿ ತೀರಿಹೋದವರಿಗೆ, ನಿಜವಾಗಿ ಊರು ಬಿಟ್ಟವರಿಗೆ. ಕ್ಷೇತ್ರದ ಗೆರೆ ಎಲ್ಲಿಂದ ಎಲ್ಲಿಗೆ ಸರಿದರೂ ನೀವು ಓಟು ಹಾಕಬೇಕಾದ್ದು ನೀವು ಬಾಳುವ ಊರಲ್ಲೇ.

ಇನ್ನು ಹೊಟ್ಟೆಕಿಚ್ಚಿನ ಮಾತು. ಪಡಬೇಡಿ ಎಂದು ಹೇಳಲು ನಾನು ಯಾರು? ಪಕ್ಕದ ಮನೆಯವಳ ಸೀರೆ ನೋಡಿ ಪಡಿ, ಎಮ್ಮೆ ನೋಡಿ ಪಡಿ, ಅವಳ ಸೊಸೆಯನ್ನು ನೋಡಿ ಬೇಕಾದಷ್ಟು ಪಡಿ. ಅವಳ ಓಟಿಗೆ ಮಾತ್ರ ಕೈ ಹಾಕಬೇಡಿ.